ಮೂರು ಸಾವಿರ ವಾಟಿನ ಮೌನ, ಹದಿನೈದು ವಾಟಿನ ಮಾತು
ಬಾಳಿಕೆಯ ಆಂಪ್ಲಿಫೈಯರ್ ಹುಡುಕುವವರಿಗೆ ಮಂಡಕಳ್ಳಿಯ ಮನೆಯೊಂದರ ಕಥೆ

ಮಂಡಕಳ್ಳಿ: ಆಕಾಶದಿಂದ ವಿಮಾನ ಇಳಿಯುವ ಊರಿದು. ಆದರೆ ಮನೆಯ ಆಂಪ್ಲಿಫೈಯರ್ ಕೆಟ್ಟರೆ ಅದನ್ನು ಚೀಲಕ್ಕೆ ತುಂಬಿಕೊಂಡು ಮೈಸೂರಿನ ಬಸ್ಸು ಹತ್ತಲೇಬೇಕು!

ನಂಜನಗೂಡು ರಸ್ತೆಯ ಈ ಊರಿನ ನಿವೃತ್ತ ಬಸ್ ಕಂಡಕ್ಟರ್ ಒಬ್ಬರು ಮೊನ್ನೆ ಹೀಗೆಯೇ ಚೀಲ ಹೊತ್ತು ಹೊರಟರು. ಮೂವತ್ತು ವರ್ಷ ಪರರ ಲಗೇಜಿಗೆ ಟಿಕೆಟ್ ಹರಿದ ಕೈ. ಅವತ್ತು ತಮ್ಮ ಲಗೇಜಿಗೆ ತಾವೇ ಕೇಳಿ ಟಿಕೆಟ್ ಪಡೆದರಂತೆ. ಚೀಲದಲ್ಲಿದ್ದದ್ದು ಎರಡು ಪೆಟ್ಟಿಗೆ. ಒಂದು ಹೊಸದು, ಇನ್ನೊಂದು ಹಳೆಯದು. ಎರಡೂ ಮೂಕ.

ಹೊಸದನ್ನು ಕೊಂಡದ್ದು ಗೌರಿ ಹಬ್ಬದ ಹೊತ್ತಿನಲ್ಲಿ. ಬೆಲೆ ಹನ್ನೊಂದು ಸಾವಿರ. ಪಿಂಚಣಿಯಲ್ಲಿ ತಿಂಗಳು ತಿಂಗಳು ಎತ್ತಿಟ್ಟ ದುಡ್ಡು. ಪೆಟ್ಟಿಗೆಯ ಮೇಲೆ ಹಣೆಯಗಲದ ಅಕ್ಷರದಲ್ಲಿ ‘3000 ವಾಟ್ಸ್’ ಎಂದು ಬರೆದಿತ್ತು. ನೀಲಿ ದೀಪ, ಕೆಂಪು ದೀಪ, ರಿಮೋಟು, ಬ್ಲೂಟೂತು, ಪೆನ್ ಡ್ರೈವ್ ಹಾಕುವ ಕಿಂಡಿ, ಎಲ್ಲವೂ ಉಂಟು. ಗ್ಯಾರಂಟಿ ಒಂದು ವರ್ಷ. ಹದಿನಾಲ್ಕನೇ ತಿಂಗಳು ಗುಡುಗು ಮಳೆಯ ಒಂದು ರಾತ್ರಿ ದೀಪಗಳೆಲ್ಲ ಒಮ್ಮೆ ಮಿನುಗಿ ಆರಿಹೋದವು. ಸರ್ವಿಸ್ ಸೆಂಟರಿನವರು ಹೇಳಿದ್ದಿಷ್ಟು: “ಈ ಮಾಡೆಲ್ ನಿಂತೋಗಿದೆ ಸಾರ್, ಬೋರ್ಡು ಬರಲ್ಲ. ಎಕ್ಸ್‌ಚೇಂಜಿಗೆ ಕೊಡಿ, ಎಂಟುನೂರು ರೂಪಾಯಿ ಕಳೀತೀವಿ.”

ಹನ್ನೊಂದು ಸಾವಿರದ ವಸ್ತು, ಹದಿನಾಲ್ಕು ತಿಂಗಳಿಗೆ ಎಂಟುನೂರು! ಗುಜರಿಯವನೂ ಇದಕ್ಕಿಂತ ಮರ್ಯಾದೆಯಾಗಿ ತೂಗುತ್ತಿದ್ದ ಎಂದು ಯಜಮಾನರ ಅಳಲು.

ದುಡ್ಡಿನ ಮಾತು ಹಾಗಿರಲಿ. ಅವರ ಮನೆಯಾಕೆಗೆ ಕಣ್ಣು ಮಂಜಾಗಿ ನಾಲ್ಕು ವರ್ಷವಾಯಿತು. ಟಿ.ವಿ. ಇದ್ದೂ ಇಲ್ಲದಂತೆ. ಬೆಳಗಿನ ಆಕಾಶವಾಣಿ, ಮಧ್ಯಾಹ್ನ ಹಳೆಯ ಚಿತ್ರಗೀತೆ, ಸಂಜೆ ದೊರೆಸ್ವಾಮಿ ಅಯ್ಯಂಗಾರರ ವೀಣೆ, ಇಷ್ಟೇ ಅವರ ದಿನಚರಿ. ಪೆಟ್ಟಿಗೆ ಮೂಕವಾದರೆ ಮನೆಯೇ ಮೂಕ. ಮೊಬೈಲಿನಲ್ಲಿ ಕೇಳಬಹುದಲ್ಲ ಎಂದವರಿಗೆ ಆಕೆ ಕೊಟ್ಟ ಉತ್ತರ: “ಅದರಲ್ಲಿ ವೀಣೆ ಸೊಳ್ಳೆ ಕೂಗ್ದಂಗೆ ಕೇಳ್ಸುತ್ತೆ ಕಣಪ್ಪ.”

ಹೊರಡುವಾಗ ಆಕೆಯೇ ಹೇಳಿದ್ದು: “ರೀ, ಹೋಗೋದು ಹೋಗ್ತೀರಿ, ಅಟ್ಟದ ಮೇಲಿರೋ ಹಳೇದನ್ನೂ ತಗೊಂಡೋಗಿ ತೋರ್ಸಿ.” ಆ ಹಳೆಯದು 1986ರಲ್ಲಿ ಐ.ಟಿ.ಐ. ಓದಿದ ನೆಂಟರ ಹುಡುಗನೊಬ್ಬ ಕೈಯಾರೆ ಜೋಡಿಸಿಕೊಟ್ಟ ತಗಡಿನ ಪೆಟ್ಟಿಗೆ. ಎರಡೂ ಪಕ್ಕಕ್ಕೆ ತೇಗದ ಹಲಗೆ. ಒಂದೊಂದು ಕಡೆಗೆ ಹದಿನೈದು ವಾಟು. ಮೈಸೂರು ಅನಂತಸ್ವಾಮಿಯವರ ‘ನಿತ್ಯೋತ್ಸವ’ದ ಕ್ಯಾಸೆಟ್ಟನ್ನು ಆ ಮನೆ ಸವೆಯುವ ತನಕ ಕೇಳಿದ್ದು ಇದರಲ್ಲೇ. ಎಂಟು ವರ್ಷದ ಹಿಂದೆ ಎಡಗಡೆ ನಿಂತಿತು, ಬಲಗಡೆ ಕರಕರ ಎಂದಿತು. ಸರಿ, ಅಟ್ಟ ಸೇರಿತು.

ಸಂಜೆಯ ಹೊತ್ತಿಗೆ ಹಳೆಯದು ಬಾಯಿಬಿಟ್ಟಿತ್ತು. ಬಿಲ್ಲು 650 ರೂಪಾಯಿ. ಹೊಸದು ಹೋದ ಹಾಗೆಯೇ ಹಿಂದಿರುಗಿತು.

ಇದೇನು ಪವಾಡವಲ್ಲ. ರಿಪೇರಿಯವನ ಮಾತಿನಲ್ಲೇ ಕೇಳಿ: “ಹಳೇದ್ರಲ್ಲಿ ನಾಲ್ಕು ಸ್ಕ್ರೂ ಬಿಚ್ಚಿದ್ರೆ ಎಲ್ಲಾ ಕಣ್ಣೆದುರಿಗೆ ಯಜಮಾನ್ರೆ. ಒಂದು ಟ್ರಾನ್ಸಿಸ್ಟರ್ ಹೋಗಿತ್ತು, ಎರಡು ಕಂಡೆನ್ಸರ್ ಊದಿಕೊಂಡಿತ್ತು, ವಾಲ್ಯೂಮ್ ಕಂಟ್ರೋಲಿಗೆ ಸ್ಪ್ರೇ ಹೊಡ್ದೆ, ಮುಗೀತು. ಹೊಸದ್ರಲ್ಲಿ ನಾನು ಕೈ ಇಡೋಕೆ ಜಾಗ ಎಲ್ಲದೆ? ಚಿಪ್ಪಿನ ಮೇಲಿನ ನಂಬರನ್ನೂ ಉಜ್ಜಿ ಅಳಿಸವ್ರೆ!”

ಕೊಳ್ಳುವವರು ಗಮನಿಸಬೇಕಾದ ಗುಟ್ಟು ಈ ಮಾತಿನಲ್ಲೇ ಇದೆ. ಆಂಪ್ಲಿಫೈಯರ್ ಎಂದಾದರೂ ಕೆಟ್ಟೇ ಕೆಡುತ್ತದೆ. ಕೆಟ್ಟ ದಿನ ಅದನ್ನು ಬಿಚ್ಚಿ ಸರಿಮಾಡುವವನು ಊರಿನಲ್ಲಿ ಉಂಟೋ, ಅವನಿಗೆ ಬಿಡಿಭಾಗ ಸಿಗುತ್ತದೋ, ಇದರ ಮೇಲೆ ಅದರ ಆಯುಷ್ಯ ನಿಂತಿದೆ. ವಾಟಿನ ಮೇಲಲ್ಲ.

ವಾಟಿನ ಬೂಟಾಟಿಕೆ

ಹಾಗಾದರೆ ಪೆಟ್ಟಿಗೆಯ ಮೇಲಿನ ಆ ಮೂರು ಸಾವಿರ ಎಲ್ಲಿಂದ ಬಂತು? ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ‘ಪಿ.ಎಂ.ಪಿ.ಓ.’ ಎಂದಿರುತ್ತದೆ. ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತಿನಲ್ಲಿ ಎಷ್ಟು ಶಕ್ತಿ ಚಿಮ್ಮಬಹುದೆಂಬ ಕಾಗದದ ಲೆಕ್ಕ ಅದು. ಅಳೆಯಲು ಒಪ್ಪಿತವಾದ ಮಾನದಂಡವಿಲ್ಲ. ಯಾರು ಎಷ್ಟು ಬೇಕಾದರೂ ಬರೆದುಕೊಳ್ಳಬಹುದು. ಬರೆದುಕೊಂಡರು ಕೂಡ. 1990ರ ದಶಕದಲ್ಲಿ ಟೂ-ಇನ್-ಒನ್ ಮೇಲೂ ನೂರಾರು ವಾಟು ಹತ್ತಿ ಕುಳಿತದ್ದು ಹೀಗೆ.

ಸತ್ಯ ತಿಳಿಯಲು ಪೆಟ್ಟಿಗೆಯನ್ನು ತಿರುಗಿಸಿ ಬೆನ್ನು ನೋಡಿದರೆ ಸಾಕು. ಮಂಡಕಳ್ಳಿಯ ಪೆಟ್ಟಿಗೆಯ ಬೆನ್ನಿನ ಮೇಲಿದ್ದದ್ದು: 230 ವೋಲ್ಟ್, 50 ಹರ್ಟ್ಸ್, 60 ವಾಟ್. ಅಂದರೆ ಅದು ಗೋಡೆಯ ಪ್ಲಗ್ಗಿನಿಂದ ಎಳೆಯುವುದೇ ಅರವತ್ತು. ಅರವತ್ತು ತಿಂದು ಮೂರು ಸಾವಿರ ಕಕ್ಕುವ ಯಂತ್ರವಿದ್ದರೆ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಕೇಂದ್ರ ಕಟ್ಟುವ ಪ್ರಮೇಯವೇ ಇರಲಿಲ್ಲವಲ್ಲ! ನಿಜವಾಗಿಯೂ ಮೂರು ಸಾವಿರ ವಾಟು ಎಳೆಯುವುದಾದರೆ 13 ಆಂಪಿಯರ್ ಕರೆಂಟು ಬೇಕು. ಮೂರು ಇಸ್ತ್ರಿ ಪೆಟ್ಟಿಗೆ ಒಟ್ಟಿಗೆ ಹಾಕಿದ ಹಾಗೆ. ಮನೆಯ ಸಣ್ಣ ಪ್ಲಗ್ಗಿನ ತಾಕತ್ತು 6 ಆಂಪಿಯರ್.

ಹಳೆಯ ರೀತಿಯ ಆಂಪ್ಲಿಫೈಯರಾದರೆ ಎಳೆದದ್ದರಲ್ಲಿ ಸುಮಾರು ಅರ್ಧ ಬಿಸಿಯಾಗಿ ಹೋಗುತ್ತದೆ, ಉಳಿದರ್ಧ ಸ್ಪೀಕರ್ ತಲುಪುತ್ತದೆ. ಈಗಿನ ‘ಕ್ಲಾಸ್ ಡಿ’ ಎಂಬ ಬಗೆಯಲ್ಲಿ ಪೋಲು ಕಡಿಮೆ, ನೂರಕ್ಕೆ ತೊಂಬತ್ತರ ಹತ್ತಿರ ಸ್ಪೀಕರಿಗೇ ಹೋಗುವುದುಂಟು. ಹೇಗೆ ಲೆಕ್ಕ ಹಾಕಿದರೂ ಬೆನ್ನಿನ ಮೇಲಿನ ಅಂಕಿಯನ್ನು ದಾಟಿ ಬಹಳ ದೂರ ಹೋಗಲಾಗದು. ಕೇಳಬೇಕಾದ ಪದ ‘ಆರ್.ಎಂ.ಎಸ್.’. ಎಷ್ಟು ಓಮಿನ ಸ್ಪೀಕರಿಗೆ ಎಷ್ಟು ವಾಟು ಆರ್.ಎಂ.ಎಸ್. ಎಂದು ಬರೆದಿದ್ದರೆ ಆ ಕಂಪನಿಗೆ ಸ್ವಲ್ಪವಾದರೂ ಮಾನವಿದೆ ಎಂದರ್ಥ. ಈ ಚಾಳಿ ನಮ್ಮದೊಂದೇ ಅಲ್ಲ. ಅಮೆರಿಕದಲ್ಲೂ ಕಂಪನಿಗಳು ಹೀಗೆಯೇ ಕೊಚ್ಚಿಕೊಳ್ಳುತ್ತಿದ್ದುದರಿಂದ ಅಲ್ಲಿನ ಸರ್ಕಾರ 1974ರಲ್ಲಿ ಆಂಪ್ಲಿಫೈಯರ್ ವಾಟಿಗೆಂದೇ ನಿಯಮ ತರಬೇಕಾಯಿತು.

ಇಲ್ಲೊಂದು ಮೈಸೂರಿನ ಮಾತು ನೆನಪಾಗದೆ ಇರದು. ಮಹಾರಾಜಾ ಕಾಲೇಜಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆ ‘ವಿಠಲ ವಿಹಾರ’ದಲ್ಲಿ ರೇಡಿಯೋ ಕೇಂದ್ರ ಆರಂಭಿಸಿದಾಗ ಅವರ ಟ್ರಾನ್ಸ್‌ಮಿಟರಿನ ಶಕ್ತಿ 30 ವಾಟು. ಪ್ರಸಾರದ ವಾಟು ಬೇರೆ, ಸ್ಪೀಕರಿನ ವಾಟು ಬೇರೆ, ಒಪ್ಪತಕ್ಕದ್ದೇ. ಆದರೂ ‘ಆಕಾಶವಾಣಿ’ ಎಂಬ ಹೆಸರು ದೇಶಕ್ಕೆ ಸಿಕ್ಕಿದ್ದು ಮೂವತ್ತು ವಾಟಿನಿಂದ!

ಮನೆಗೆ ನಿಜವಾಗಿ ಎಷ್ಟು ಬೇಕು? ಸಾಧಾರಣ ಸ್ಪೀಕರಿಗೆ ಒಂದೇ ಒಂದು ವಾಟು ಕೊಟ್ಟು ಒಂದು ಮೀಟರ್ ದೂರದಲ್ಲಿ ನಿಂತರೆ 85ರಿಂದ 90 ಡೆಸಿಬೆಲ್ ಶಬ್ದ. ಇಬ್ಬರು ಮಾತಾಡುವ ಶಬ್ದ ಸುಮಾರು 60. ಅಂದರೆ ಹನ್ನೆರಡಡಿ ಹಾಲಿನಲ್ಲಿ ವೀಣೆ ಕೇಳುವಾಗ ಸ್ಪೀಕರಿಗೆ ಹೋಗುತ್ತಿರುವುದು ಒಂದೆರಡು ವಾಟು. ಮಿಕ್ಕದ್ದು ಮೃದಂಗದ ಪೆಟ್ಟು ಬಿದ್ದಾಗ ಹರಿಯದೆ ನಿಲ್ಲಲು ಬೇಕಾದ ಮೀಸಲು. ಇಪ್ಪತ್ತು ವಾಟಿನ ಬದಲು ನಲವತ್ತು ಕೊಂಡರೆ ಶಬ್ದ ಎರಡರಷ್ಟಾಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಏರುವುದು ಬರೀ 3 ಡೆಸಿಬೆಲ್. ಕಿವಿಗೆ ‘ಎರಡರಷ್ಟು’ ಅನ್ನಿಸಬೇಕಾದರೆ ವಾಟು ಹತ್ತಿರ ಹತ್ತಿರ ಹತ್ತು ಪಟ್ಟಾಗಬೇಕು.

ಅಂಗಡಿಯವರನ್ನೇ ದೂರಿ ಫಲವಿಲ್ಲ. ಬಾಗಿಲಿಗೆ ಬಂದ ಗಿರಾಕಿ ಮೊದಲು ಕೇಳುವುದೇ “ಎಷ್ಟು ವಾಟು?” ಎಂದು. ಹದಿನೈದು ಎಂದು ನಿಜ ಹೇಳಿದರೆ ಆತ ಪಕ್ಕದಂಗಡಿಗೆ ಹೋಗುತ್ತಾನೆ. ಚುಂಚನಕಟ್ಟೆ ಜಾತ್ರೆಯಲ್ಲಿ ಎತ್ತಿನ ಹಲ್ಲು ಹಿಡಿದು, ಗೊರಸು ತಟ್ಟಿ, ನಡೆಸಿ ನೋಡಿ ಕೊಳ್ಳುವ ಜನ, ಅಂಗಡಿಯಲ್ಲಿ ಬಣ್ಣದ ದೀಪ ನೋಡಿ ದುಡ್ಡು ಎಣಿಸುವುದು ಸೋಜಿಗವೇ ಸರಿ.

ಹೊಟ್ಟೆಯೊಳಗೇನಿದೆ?

ಮೊದಲು ಕೈಯಲ್ಲಿ ಎತ್ತಿ ನೋಡಬೇಕು. ಹಳೆಯ ರೀತಿಯ ಆಂಪ್ಲಿಫೈಯರಿನ ತೂಕವೆಲ್ಲ ಟ್ರಾನ್ಸ್‌ಫಾರ್ಮರಿನದು. ತಾಮ್ರದ ತಂತಿ, ಕಬ್ಬಿಣದ ತಗಡು. ವೋಲ್ಟೇಜು ಏರಿದರೂ ಇಳಿದರೂ ಬಹುಮಟ್ಟಿಗೆ ತಡೆದುಕೊಳ್ಳುವುದು ಇದೇ. ಸುಟ್ಟರೂ ಚಿಂತೆಯಿಲ್ಲ, ವೈಂಡಿಂಗ್ ಬಲ್ಲವನು ಮತ್ತೆ ಸುತ್ತಿಕೊಡುತ್ತಾನೆ. ದುಡ್ಡು ಉಳಿಸಲು ಅಲ್ಯೂಮಿನಿಯಂ ತಂತಿ ಸುತ್ತಿದವೂ ಬಂದಿವೆ, ಅವು ಬೇಗ ಕಾಯುತ್ತವೆ.

ಮೊದಲು ಮುಪ್ಪಾಗುವುದು ಕಂಡೆನ್ಸರುಗಳು, ಅಂದರೆ ಸಣ್ಣ ಡಬ್ಬಿಯಂತೆ ನಿಂತಿರುವ ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರುಗಳು. ಒಳಗಿನ ದ್ರಾವಣ ವರ್ಷಗಳಲ್ಲಿ ಆರುತ್ತದೆ. ಶಾಖ ಹತ್ತು ಡಿಗ್ರಿ ಏರಿದರೆ ಇವುಗಳ ಆಯುಷ್ಯ ಅರ್ಧಕ್ಕಿಳಿಯುತ್ತದೆಂಬುದು ಕಸುಬಿನವರ ಲೆಕ್ಕ. ಆಗ ಸ್ಪೀಕರಿನಲ್ಲಿ ‘ಗುಂಯ್’ ಎಂಬ ಶಬ್ದ ಕೇಳತೊಡಗುತ್ತದೆ. ಹೊಸವು ಬೇಕಾದಷ್ಟು ಸಿಗುತ್ತವೆ, ಬೆಲೆಯೂ ಭಾರವಲ್ಲ.

ಆಮೇಲೆ ಔಟ್‌ಪುಟ್ ಟ್ರಾನ್ಸಿಸ್ಟರುಗಳು. ಮಂಡಕಳ್ಳಿಯ ಹಳೆಯ ಪೆಟ್ಟಿಗೆಯಲ್ಲಿದ್ದದ್ದು 2ಎನ್3055, ಅಂದರೆ ಕಡಲೆಕಾಯಿ ಮಿಠಾಯಿ ಗಾತ್ರದ ಲೋಹದ ಬಿಲ್ಲೆ. 1960ರ ದಶಕದಲ್ಲಿ ಅಮೆರಿಕದ ಆರ್.ಸಿ.ಎ. ಕಂಪನಿ ತಂದದ್ದು, ಇವತ್ತಿಗೂ ಸಿಗುತ್ತದೆ. ಮೈಸೂರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ. ಐವತ್ತು ವರ್ಷ ಕಳೆದ ಮೇಲೂ ಬಿಡಿಭಾಗ ದೊರೆಯುವುದೆಂದರೆ ಇದಕ್ಕಿಂತ ದೊಡ್ಡ ಗ್ಯಾರಂಟಿ ಕಾರ್ಡು ಯಾವುದಿದೆ?

ಇದಕ್ಕೆ ವಿರುದ್ಧದ ಕಥೆ ಎಸ್.ಟಿ.ಕೆ. ಐ.ಸಿ.ಗಳದು. ಎಂಬತ್ತು-ತೊಂಬತ್ತರ ದಶಕದ ಎಷ್ಟೋ ಜಪಾನ್ ಸೆಟ್ಟುಗಳ ಹೃದಯ ಈ ಸ್ಯಾನಿಯೋ ಕಂಪನಿಯ ಇಟ್ಟಿಗೆಯಂಥ ತುಂಡು. ಇಂಪಾಗಿ ಹಾಡುತ್ತಿತ್ತು, ಸುಳ್ಳಲ್ಲ. ಆದರೆ ಸ್ಯಾನಿಯೋದ ಆ ವಿಭಾಗವೇ 2011ರಲ್ಲಿ ಬೇರೆ ಕಂಪನಿಯ ಪಾಲಾಯಿತು. ಈಗ ಪೇಟೆಯಲ್ಲಿ ಸಿಗುವ ಎಸ್.ಟಿ.ಕೆ.ಗಳಲ್ಲಿ ಅಸಲಿ ಯಾವುದು, ನಕಲಿ ಯಾವುದು ಎಂದು ಹೇಳಲು ರಿಪೇರಿಯವರೇ ತಲೆ ಕೆರೆದುಕೊಳ್ಳುತ್ತಾರೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮುಚ್ಚಳ ತೆಗೆಸಿ ನೋಡಿಯೇ ದುಡ್ಡು ಕೊಡುವುದು ಕ್ಷೇಮ.

ಈಗ ಕೊಳ್ಳುವುದಾದರೆ

ಎಲ್ಲರ ಅಟ್ಟದಲ್ಲೂ ಹಳೆಯ ಪೆಟ್ಟಿಗೆ ಇರುವುದಿಲ್ಲವಷ್ಟೆ. ಹಳ್ಳಿಯ ಕಡೆಯ ಕೆಲವರಿಗೆ ಒಂದು ಯೋಚನೆ ಬರುವುದುಂಟು: ಶಾಮಿಯಾನದವರ ಬಳಿ ಇರುವ ಅಹುಜಾ ಮೈಕ್ ಸೆಟ್ಟು ಎಷ್ಟು ವರ್ಷವಾದರೂ ಸಾಯುವುದಿಲ್ಲ, ಅದನ್ನೇ ಮನೆಗೆ ತಂದರೆ ಹೇಗೆ? 1940ರಲ್ಲಿ ದೆಹಲಿಯಲ್ಲಿ ಶುರುವಾದ ಕಂಪನಿ, ಮದುವೆ, ಜಾತ್ರೆ, ಚುನಾವಣೆ ಎಲ್ಲ ಕಂಡದ್ದು. ಗಟ್ಟಿತನದಲ್ಲಿ ಎರಡು ಮಾತಿಲ್ಲ, ರಿಪೇರಿಯೂ ಸಲೀಸು. ಆದರೆ ಅಂಥ ಸೆಟ್ಟುಗಳನ್ನು ಮಾಡಿದ್ದು ಮೈದಾನಕ್ಕೆ ಮಾತು ಮುಟ್ಟಿಸಲು. ಸಾಮಾನ್ಯವಾಗಿ ಒಂದೇ ಚಾನಲ್, ಸ್ಟೀರಿಯೋ ಇಲ್ಲ. ಬೆನ್ನಿನಲ್ಲಿ ಹಾರನ್ನುಗಳಿಗೆಂದು 100 ವೋಲ್ಟಿನ ತುದಿಗಳು ಬೇರೆ. ಮನೆಯ ಸ್ಪೀಕರನ್ನು ಅಪ್ಪಿತಪ್ಪಿ ಅಲ್ಲಿಗೆ ಸಿಕ್ಕಿಸಿದರೆ ಅದರ ತಿಥಿ ಮಾಡಬೇಕಾದೀತು. ಭಜನೆ ಮನೆಗೆ ಸೈ, ವೀಣೆ ಕೇಳುವ ಮನೆಗೆ ಅಲ್ಲ.

ಕೆಲವೇ ಸಾವಿರಕ್ಕೆ ಅಂಗೈಯಗಲದ ಕ್ಲಾಸ್ ಡಿ ಪೆಟ್ಟಿಗೆಗಳು ಬಂದಿವೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಟಿ.ಪಿ.ಎ. 3116 ಎಂಬ ಚಿಪ್ಪು ಇವುಗಳಲ್ಲಿ ಬಹಳ ಓಡುತ್ತಿದೆ. ಹಳೆಯ ಕಾಲದವರು ಮೂಗು ಮುರಿದರೂ ಸದ್ದು ಚೆನ್ನಾಗಿಯೇ ಇದೆ, ಕರೆಂಟೂ ಕಡಿಮೆ. ಕೊಳ್ಳುವುದಾದರೆ ಅಡಾಪ್ಟರ್ ಹೊರಗಿರುವುದನ್ನೇ ಕೊಳ್ಳಬೇಕು. ಸಿಡಿಲಿಗೆ, ವೋಲ್ಟೇಜಿಗೆ ಮೊದಲು ಬಲಿಯಾಗುವುದು ಅಡಾಪ್ಟರ್ ತಾನೆ? ಅದೊಂದನ್ನು ಬದಲಾಯಿಸಿದರೆ ಆಯಿತು. ಬೋರ್ಡೇ ಹೋದರೆ ಮಾತ್ರ ಕೈಮುಗಿಯಬೇಕು. ಬಾಡಿಗೆ ಮನೆಯ ಹುಡುಗರಿಗೆ, ಹೊಸದಾಗಿ ಸಂಸಾರ ಹೂಡಿದವರಿಗೆ ಇದು ತಪ್ಪಲ್ಲ.

ಇಪ್ಪತ್ತು ಸಾವಿರದ ಆಚೀಚೆ ಕೈಗೆಟುಕುವವರಿಗೆ ಹೆಸರಾದ ಕಂಪನಿಗಳ ಸಾದಾ ಸ್ಟೀರಿಯೋ ಆಂಪ್ಲಿಫೈಯರುಗಳಿವೆ. ‘ಸಾದಾ’ ಎಂಬ ಮಾತಿಗೆ ಗೆರೆ ಎಳೆದುಕೊಳ್ಳಿ. ಬ್ಲೂಟೂತ್, ಪೆನ್ ಡ್ರೈವ್, ಇಂಟರ್‌ನೆಟ್ ಇವೆಲ್ಲ ನಾಲ್ಕೈದು ವರ್ಷಕ್ಕೆ ಹಳತಾಗುವ ಸರಕು. ಕ್ಯಾಸೆಟ್ ಹೋಯಿತು, ಸಿ.ಡಿ. ಹೋಯಿತು, ನಾಳೆ ಇದೂ ಹೋಗುತ್ತದೆ. ಆದರೆ ಹಿಂಬದಿಯ ಕೆಂಪು-ಬಿಳಿ ‘ಆಕ್ಸ್’ ಕಿಂಡಿ ಅಂದೂ ಇತ್ತು, ಇಂದೂ ಇದೆ. ಬದಲಾಗುವುದನ್ನು ಕೆಲವು ನೂರು ರೂಪಾಯಿಯ ಬೇರೆ ಡಬ್ಬಿಯಾಗಿ ಹೊರಗೆ ಸಿಕ್ಕಿಸಿಕೊಂಡರೆ ಆಂಪ್ಲಿಫೈಯರಿಗೆ ಮುಪ್ಪೇ ಇಲ್ಲ. ಎಲ್ಲವೂ ಒಂದೇ ಬೋರ್ಡಿನಲ್ಲಿದ್ದರೆ ಒಂದರ ರೋಗ ಎಲ್ಲಕ್ಕೂ ತಗಲುತ್ತದೆ.

ಈ ಸಾದಾತನದ ಮಹಿಮೆ ಜಗತ್ತೇ ಕಂಡದ್ದು. 1978ರಲ್ಲಿ ಎನ್.ಎ.ಡಿ. ಕಂಪನಿ 3020 ಎಂಬ ಆಂಪ್ಲಿಫೈಯರ್ ತಂದಿತು. ಎರಿಕ್ ಎಡ್ವರ್ಡ್‌ಸನ್ ಎಂಬಾತ ರೂಪಿಸಿದ್ದು, ತಯಾರಾದದ್ದು ತೈವಾನಿನಲ್ಲಿ. ನೋಡಲು ಬೂದುಬಣ್ಣದ ಬಡಪಾಯಿ. ಕಾಗದದ ಮೇಲೆ ಬರೀ 20 ವಾಟು. ಬೆಲೆಯೂ ಅಗ್ಗ. ಕಷ್ಟದ ಸ್ಪೀಕರುಗಳನ್ನೂ ನುಡಿಸಿ ದುಬಾರಿ ಸೆಟ್ಟುಗಳಿಗೆ ಮುಖಭಂಗ ಮಾಡಿತು. ಲಕ್ಷಗಟ್ಟಲೆ ಮಾರಾಟವಾಗಿ, ಇಂದಿಗೂ ಜನ ಅದನ್ನು ಹುಡುಕಿ ಕೊಂಡು ಕಂಡೆನ್ಸರ್ ಬದಲಿಸಿ ಇಟ್ಟುಕೊಳ್ಳುತ್ತಾರೆ. ನಮ್ಮಲ್ಲಿ ಆ ಕಾಲದಲ್ಲಿ ವಿದೇಶಿ ಸಾಮಾನಿಗೆ ಸುಂಕದ ಬರೆ. 1970ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಸೋನೋಡೈನ್, ಬೊಂಬಾಯಿಯ ಕಾಸ್ಮಿಕ್, ಇವೇ ಮಧ್ಯಮವರ್ಗದವರ ಕನಸು. ಕನಸು ಕೈಗೆಟುಕದವರಿಗೆ ನೆಂಟರ ಹುಡುಗ ಜೋಡಿಸಿದ ತಗಡಿನ ಪೆಟ್ಟಿಗೆ.

ಹೊದಿಕೆ ತೆಗೆಯಿರಿ!

ಕೊಂಡ ಮೇಲೆ ಕೊಲ್ಲುವವರೂ ನಾವೇ. ಆಂಪ್ಲಿಫೈಯರಿನ ಮೇಲೆ ಕೈಕಸೂತಿಯ ಬಟ್ಟೆ ಹೊದಿಸಿ, ಅದರ ಮೇಲೊಂದು ಗೊಂಬೆ ಕೂರಿಸುವುದು ನಮ್ಮ ಕಡೆಯ ಪದ್ಧತಿ. ಬಿಸಿಗಾಳಿ ಹೋಗುವ ತೂತುಗಳೆಲ್ಲ ಬಂದ್. ಒಳಗೆ ಕಂಡೆನ್ಸರುಗಳು ಬೇಯುತ್ತವೆ. ಫ್ಯೂಸ್ ಹೋದರೆ ಸಿಗರೇಟಿನ ಬೇಗಡೆ ಸುತ್ತುವುದು ಇನ್ನೊಂದು ಪಾಂಡಿತ್ಯ. ಐದು ರೂಪಾಯಿಯ ಫ್ಯೂಸ್ ಉಳಿಸಲು ಹೋಗಿ ಟ್ರಾನ್ಸ್‌ಫಾರ್ಮರ್ ಸುಟ್ಟುಕೊಂಡವರು ಎಷ್ಟೋ ಮಂದಿ. ಗುಡುಗು ಶುರುವಾದರೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಹಾಗೆ ಕಿತ್ತಿದ್ದರೆ ಮಂಡಕಳ್ಳಿಯ ಹನ್ನೊಂದು ಸಾವಿರ ಬಹುಶಃ ಉಳಿಯುತ್ತಿತ್ತು ಎಂಬುದನ್ನು ಯಜಮಾನರೂ ಒಪ್ಪುತ್ತಾರೆ.

ಆದರೆ ಮೋಸದ ವಾಟು ಬರೆದು ಮಾರಿದ್ದನ್ನು, ವರ್ಷ ಕಳೆಯುತ್ತಲೇ ಬೋರ್ಡು ಇಲ್ಲ ಎಂದದ್ದನ್ನು ಅವರು ಒಪ್ಪಿಲ್ಲ. ಇಂಥವರಿಗೆ ದಾರಿಗಳಿವೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಲ್ಲಿ ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಲ್ಲಾ ಗ್ರಾಹಕರ ಆಯೋಗ. ಕೆಟ್ಟದ್ದನ್ನು ರಿಪೇರಿ ಮಾಡಿಸಿಕೊಳ್ಳುವುದು ಕೊಂಡವನ ಹಕ್ಕು ಎಂಬ ಮಾತನ್ನು ಕೇಂದ್ರ ಸರ್ಕಾರವೂ ಎತ್ತಿದೆ. ಕಂಪನಿಗಳು ಬಿಡಿಭಾಗ, ರಿಪೇರಿಯ ಮಾಹಿತಿಗಳನ್ನು ಜನರಿಗೆ ತಿಳಿಸಲೆಂದು 2022ರ ಡಿಸೆಂಬರಿನಲ್ಲಿ ಜಾಲತಾಣವೊಂದನ್ನು ತೆರೆಯಿತು. ಅಂಗಡಿಯ ಬಿಲ್ಲು ಜೋಪಾನವಾಗಿದ್ದರೆ ಮಾತ್ರ ಇವೆಲ್ಲ. ಮೂವತ್ತು ವರ್ಷ ಟಿಕೆಟ್ ಹರಿದವರಲ್ಲವೇ, ಯಜಮಾನರ ಬಿಲ್ಲು ಟ್ರಂಕಿನಲ್ಲಿ ಮಡಿಕೆ ಕೆಡದೆ ಕುಳಿತಿದೆ. ಸಹಾಯವಾಣಿಗೆ ದೂರು ಕೊಟ್ಟಿದ್ದಾರೆ. ಉತ್ತರ ಬರಬೇಕು.

ಹೊಸ ಪೆಟ್ಟಿಗೆಯ ಜೊತೆ ಬಂದಿದ್ದ ಎರಡು ಸ್ಪೀಕರುಗಳು ಮಾತ್ರ ಚೆನ್ನಾಗಿದ್ದವು. ಅವಕ್ಕೆ ಹಳೆಯ ಆಂಪ್ಲಿಫೈಯರ್ ಸಿಕ್ಕಿಸಿ ಎರಡು ವಾರವಾಯಿತು. ಸ್ಪೀಕರಿನ ಬೆನ್ನಿನ ಮೇಲೆ 4 ಓಮ್ ಎಂದಿದೆ, ಹಳೆಯದು 8 ಓಮಿಗೆ ಮಾಡಿದ್ದು. ಆದ್ದರಿಂದ ವಾಲ್ಯೂಮನ್ನು ಅರ್ಧ ದಾಟಿಸಬೇಡಿ, ಟ್ರಾನ್ಸಿಸ್ಟರ್ ಕಾದುಬಿಡುತ್ತೆ ಎಂದು ರಿಪೇರಿಯವನು ಎಚ್ಚರಿಸಿ ಕಳಿಸಿದ್ದ. ಮಂಜು ಕಣ್ಣಿಗೆ ಅರ್ಧ ಯಾವುದೆಂದು ಕಾಣಬೇಕಲ್ಲ? ತಿರುಪಿನ ಅಂಚಿನಲ್ಲಿ ರಾಗಿ ಕಾಳಿನಷ್ಟು ಎಂ-ಸೀಲ್ ಮೆತ್ತಿದ್ದಾರೆ ಯಜಮಾನರು. ಬೆಳಿಗ್ಗೆ ಆಕೆ ಬೆರಳಿನಲ್ಲಿ ಅದನ್ನು ತಡವಿಕೊಂಡು ತಿರುಗಿಸುತ್ತಾರೆ. ಮೈಸೂರು ಆಕಾಶವಾಣಿ, 100.6.